ರಾಜನ್-ನಾಗೇಂದ್ರ: ಒಬ್ಬರಾ? ಇಬ್ಬರಾ?

ಕೆಂಗೇರಿಯಿಂದ ಒಬ್ಬ ತಮ್ಮ ಕಾಗದ ಬರೆದಿದ್ದಾನೆ. ಹೆಸರು ಹಾಕೋದಿಲ್ಲ, ಪಾಪ, ಗೆಳೆಯರೆಲ್ಲ ಸೇರಿ ಗೇಲಿ ಮಾಡಿಬಿಟ್ಟಾರು. ಬಸ್ ಸ್ಟಾಂಡಿನಲ್ಲಿ ನಮ್ಮ ಪತ್ರಿಕೆ ಕೊಂಡು, ಮೆಜೆಸ್ಟಿಕ್ ತಲುಪೋದರೊಳಗೆ ಅಟ್ಟೆಯಿಂದ ಅಟ್ಟೆಗೆ ಓದಿ ಮುಗಿಸೋ ಅಭಿಮಾನಿಯಂತೆ. ಅವನ ಪ್ರಶ್ನೆ ಇಷ್ಟೇ: ‘ಸಾರ್, ಹಳೇ ಪಿಕ್ಚರುಗಳ ಟೈಟಲ್ ಕಾರ್ಡಿನಲ್ಲಿ ಸಂಗೀತ ರಾಜನ್ ನಾಗೇಂದ್ರ ಅಂತ ಬರುತ್ತಲ್ಲ, ಅದರಲ್ಲಿ ರಾಜನ್ ಅನ್ನೋದು ಅವರ ಹೆಸರಾ? ನಾಗೇಂದ್ರ ಅನ್ನೋದು ಅವರ ತಂದೆ ಹೆಸರಾ?’

ಓದಿದ ತಕ್ಷಣ ನಕ್ಕೆ. ಪಕ್ಕದಲ್ಲಿದ್ದ ಟೀ ಅಂಗಡಿಯವನಿಗೂ ತೋರಿಸಿ ನಗಿಸಿದೆ. ಆಮೇಲೆ ನಗು ಅಲ್ಲೇ ನಿಂತಿತು. ಯಾಕೆ ಗೊತ್ತಾ? ಏಳನೇ ಕ್ಲಾಸಿನವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ!

ನಮ್ಮ ಮನೆ ಇದ್ದದ್ದು ರಾಜಾಜಿನಗರದಲ್ಲಿ, ನವರಂಗ್ ಸ್ಟಾಪಿನಿಂದ ಎರಡು ಬೀಡಿ ಸೇದುವಷ್ಟು ದೂರ. ಅಪ್ಪ ಆಟೋ ಓಡಿಸ್ತಿದ್ರು. ಆಟೋದಲ್ಲಿ ಶಂಕರಣ್ಣನ ಪಟ, ಅದರ ಕೆಳಗೆ ಟೇಪ್ ರೆಕಾರ್ಡರ್. ಒಂದು ಭಾನುವಾರ ‘ಆಟೋರಾಜ’ ಕ್ಯಾಸೆಟ್ಟಿನ ರಟ್ಟು ಹಿಡಿದುಕೊಂಡು, ‘ಅಪ್ಪಾ, ಈ ರಾಜನ್ ನಾಗೇಂದ್ರ ಯಾವೂರೋರು?’ ಅಂತ ಕೇಳಿದೆ. ಅಪ್ಪ ತಲೆ ಮೇಲೆ ಒಂದು ಕುಟ್ಟಿ ಹೇಳಿದ್ರು: ‘ಒಬ್ಬರಲ್ಲ ಕಣೋ ಪೆದ್ದ, ಇಬ್ಬರು. ಅಣ್ಣ-ತಮ್ಮ. ನೀವಿಬ್ಬರು ಇದ್ದೀರಲ್ಲ, ಹಂಗೆ. ಆದ್ರೆ ನಿಮ್ಮ ಥರ ಬೀದೀಲಿ ಕಿತ್ತಾಡ್ತಿರಲಿಲ್ಲ.’

ಈ ವಾರದ ಅಂಕಣ ಅಪ್ಪನ ಆ ಮಾತಿಗೆ ಮೀಸಲು, ಗೆಳೆಯರೇ.

* * *

ಇಬ್ಬರೂ ಮೈಸೂರಿನವರು, ಶಿವರಾಂಪೇಟೆಯ ಹುಡುಗರು. ರಾಜನ್ ಹುಟ್ಟಿದ್ದು 1933ರಲ್ಲಿ, ನಾಗೇಂದ್ರ ಎರಡು ವರ್ಷ ಚಿಕ್ಕವರು. ತಂದೆ ರಾಜಪ್ಪನವರು ಹಾರ್ಮೋನಿಯಂ ನುಡಿಸ್ತಿದ್ರು, ಕೊಳಲೂ ಊದ್ತಿದ್ರು. ಎಲ್ಲಿ ನುಡಿಸ್ತಿದ್ರು ಅಂತೀರಿ? ಸಿನಿಮಾದಲ್ಲೇ! ಸಿನಿಮಾಕ್ಕೆ ಇನ್ನೂ ಬಾಯಿ ಬರದಿದ್ದ ಕಾಲ ಅದು. ಪರದೆಯ ಮೇಲೆ ಮೂಕಿ ಚಿತ್ರ ಓಡುತ್ತಿದ್ದರೆ, ಕತ್ತಲಲ್ಲಿ ಕೂತು ಜಗಳಕ್ಕೊಂದು, ಅಳುವಿಗೊಂದು, ಕುದುರೆ ಓಟಕ್ಕೊಂದು ಅಂತ ವಾದ್ಯ ನುಡಿಸಬೇಕು. ಅಂಥಾ ತಂದೆಯ ಮಕ್ಕಳು ಇವರು. ಹಿನ್ನೆಲೆ ಸಂಗೀತ ಅನ್ನೋದು ಇವರಿಗೆ ಕಲಿತ ವಿದ್ಯೆ ಅನ್ನೋದಕ್ಕಿಂತ ಮನೆಯ ಊಟ ಅನ್ನಬೇಕು.

ಅಣ್ಣ ಹಿಡಿದದ್ದು ಪಿಟೀಲು. ತಮ್ಮ ಹಿಡಿದದ್ದು ಜಲತರಂಗ, ಜತೆಗೆ ಹಾಡುಗಾರ. ಜಲತರಂಗ ನೋಡದವರಿಗೆ ಹೇಳ್ತೀನಿ: ಪಿಂಗಾಣಿ ಬಟ್ಟಲುಗಳನ್ನು ಅರ್ಧಚಂದ್ರಾಕಾರ ಜೋಡಿಸಿ, ಒಂದೊಂದಕ್ಕೂ ಒಂದೊಂದು ಅಳತೆ ನೀರು ಹುಯ್ದು, ಎರಡು ಸಣ್ಣ ಕಡ್ಡಿಗಳಲ್ಲಿ ತಟ್ಟೋದು. ನೀರು ಹೆಚ್ಚಾದರೆ ಸ್ವರ ಇಳಿಯುತ್ತೆ, ಕಡಿಮೆಯಾದರೆ ಏರುತ್ತೆ. ತಟ್ಟಿದ ಸ್ವರ ಟಿಣ್ ಅಂತ ಮಿಂಚಿ ಮಾಯ. ಪಿಟೀಲು ಹಾಗಲ್ಲ, ಕಮಾನು ಎಳೆದಷ್ಟು ಹೊತ್ತು ಸ್ವರ ಉಳಿಯುತ್ತೆ. ಒಬ್ಬ ಎಳೆಯೋನು, ಇನ್ನೊಬ್ಬ ಚಿಮುಕಿಸೋನು. ‘ಎರಡು ಕನಸು’ ಅಥವಾ ‘ಬಯಲುದಾರಿ’ ಹಾಡುಗಳನ್ನು ಇವತ್ತು ರಾತ್ರಿ ಈ ಒಂದು ವಿಷಯ ತಲೇಲಿ ಇಟ್ಕೊಂಡು ಕೇಳಿ ನೋಡಿ. ನಾನು ಹೇಳಿದ್ದು ಸುಳ್ಳಾದರೆ ಮುಂದಿನ ವಾರ ನನಗೆ ಬೈದು ಬರೀರಿ.

1953ರಲ್ಲಿ ಬಿ. ವಿಠಲಾಚಾರ್ಯರ ‘ಸೌಭಾಗ್ಯಲಕ್ಷ್ಮಿ’ ಚಿತ್ರಕ್ಕೆ ಮೊದಲ ಸಲ ಸಂಗೀತ ಕೊಟ್ಟಾಗ ಅಣ್ಣನಿಗೆ ಇಪ್ಪತ್ತು, ತಮ್ಮನಿಗೆ ಹದಿನೆಂಟು. ಹದಿನೆಂಟನೇ ವಯಸ್ಸಿನಲ್ಲಿ ನಾನು ಏನು ಮಾಡ್ತಿದ್ದೆ ಅಂತ ಮುಂದೆ ಹೇಳ್ತೀನಿ, ಹೇಳಿಕೊಳ್ಳೋ ಹಂಗಿಲ್ಲ.

ಅದೇ ವಿಠಲಾಚಾರ್ಯರು ಆಮೇಲೆ ತೆಲುಗಿನಲ್ಲಿ ಜಾನಪದ ಚಿತ್ರಗಳ ಮಾಂತ್ರಿಕರಾದರಲ್ಲ, ಅಲ್ಲಿಗೂ ಈ ಜೋಡಿಯನ್ನು ಕರೆದುಕೊಂಡು ಹೋದರು. 1964ರ ‘ಅಗ್ಗಿ ಪಿಡುಗು’ ನೋಡಿ, ಎನ್.ಟಿ. ರಾಮರಾಯರದು ದ್ವಿಪಾತ್ರ. ಅವಳಿ ಸೋದರರ ಕಥೆ, ಒಬ್ಬನ ನೋವು ಇನ್ನೊಬ್ಬನಿಗೆ ತಟ್ಟುತ್ತೆ. ಆ ಅಣ್ಣ-ತಮ್ಮನ ಕಥೆಗೆ ಸಂಗೀತ ಕೊಟ್ಟೋರೂ ಅಣ್ಣ-ತಮ್ಮನೇ!

* * *

ಕನ್ನಡಕ್ಕೆ ಬರೋಣ. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಅಣ್ಣಾವ್ರು ರಾಘವೇಂದ್ರ ಸ್ವಾಮಿಗಳು. ಅದರ ಹಾಡುಗಳು ದೇವಸ್ಥಾನದ ಮೈಕುಗಳಲ್ಲಿ ಇವತ್ತಿಗೂ ಬೆಳಗ್ಗೆ ನಮ್ಮನ್ನು ಎಬ್ಬಿಸ್ತವೆ. 1971ರಲ್ಲಿ ‘ನ್ಯಾಯವೇ ದೇವರು’. 1973ರಲ್ಲಿ ‘ಗಂಧದಗುಡಿ’. ಆ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ನಾಡಿನ ಹಾಡು ನವೆಂಬರ್ ಒಂದನೇ ತಾರೀಖು ಕೇಳದ ಬೀದಿ ಬೆಂಗಳೂರಿನಲ್ಲಿ ಇದ್ದರೆ ತೋರಿಸಿ ನೋಡೋಣ. 1974ರಲ್ಲಿ ದೊರೈ-ಭಗವಾನರ ‘ಎರಡು ಕನಸು’. 1976ರಲ್ಲಿ ಅಣ್ಣಾವ್ರು ಬೈಕ್ ಏರಿ ಹಾಡಿಕೊಂಡು ಬಂದ ‘ನಾ ನಿನ್ನ ಮರೆಯಲಾರೆ’. ಅದೇ ವರ್ಷ ಅನಂತನಾಗ್-ಕಲ್ಪನಾ ಜೋಡಿಯ ‘ಬಯಲುದಾರಿ’. 1977ರಲ್ಲಿ ‘ಗಿರಿಕನ್ಯೆ’. 1978ರಲ್ಲಿ ವಿಷ್ಣು ‘ಹೊಂಬಿಸಿಲು’, ಅದೇ ವರ್ಷ ವಿಷ್ಣು-ದ್ವಾರಕೀಶ್ ವಿಮಾನ ಹತ್ತಿ ಹೋದ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’. 1980ರಲ್ಲಿ ನಮ್ಮ ‘ಆಟೋರಾಜ’. 1985ರಲ್ಲಿ ಪುಟ್ಟ ಪುನೀತನ ‘ಬೆಟ್ಟದ ಹೂವು’.

ಪಟ್ಟಿ ಮುಗಿಯೋದಿಲ್ಲ, ಪುಟ ಮುಗಿಯುತ್ತೆ. ಕನ್ನಡದಲ್ಲೇ ಇನ್ನೂರಕ್ಕೂ ಹೆಚ್ಚು ಚಿತ್ರ. ತೆಲುಗಿನಲ್ಲಿ 1977ರ ‘ಪಂತುಲಮ್ಮ’ಕ್ಕೆ ಅಲ್ಲಿನ ಸರ್ಕಾರ ನಂದಿ ಪ್ರಶಸ್ತಿ ಕೊಟ್ಟು ಕಳಿಸ್ತು.

ಒಂದು ಚಿತ್ರದ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. 1978ರ ‘ಪರಸಂಗದ ಗೆಂಡೆತಿಮ್ಮ’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ, ಲೋಕೇಶ್ ಗೆಂಡೆತಿಮ್ಮ, ಹಾಡು ದೊಡ್ಡರಂಗೇಗೌಡರದು. ಹಳ್ಳಿ ಭಾಷೆ, ಹಳ್ಳಿ ಲಯ. ಪ್ರೇಮಗೀತೆಗೆ ಪಿಟೀಲಿನ ಹೊಳೆ ಹರಿಸೋ ಇದೇ ಇಬ್ಬರು, ಗೆಂಡೆತಿಮ್ಮನ ಹಾಡಿನಲ್ಲಿ ಮಣ್ಣಿನ ವಾಸನೆ ಬರಿಸಿದರು. ಸಿನಿಮಾದೋರು ಹಳ್ಳಿ ಹಾಡು ಮಾಡಿದರೆ ಪೇಟೆ ಹುಡುಗ ಪಂಚೆ ಉಟ್ಟ ಹಾಗೆ ಕಾಣೋದೇ ಜಾಸ್ತಿ. ಇದು ಹಾಗಲ್ಲ. ‘ಎರಡು ಕನಸು’ ಚಿತ್ರಕ್ಕೂ ರಾಜ್ಯ ಪ್ರಶಸ್ತಿ ಬಂತು, ‘ಗೆಂಡೆತಿಮ್ಮ’ನಿಗೂ ಬಂತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಒಂದೇ ಮನೆಯಿಂದ ಬಂದಿದ್ದು ಅಂತ ಹೇಳೋದು ಕಷ್ಟ.

ಹಾಗಾದ್ರೆ ಯಾವ ಟ್ಯೂನು ರಾಜನ್ ಅವರದು, ಯಾವುದು ನಾಗೇಂದ್ರ ಅವರದು? ಇಲ್ಲೇ ಇರೋದು ನೋಡಿ ಮಜಾ. ಟೈಟಲ್ ಕಾರ್ಡು ಹೇಳೋದಿಲ್ಲ. ರೆಕಾರ್ಡಿನ ಮುಖಪುಟ ಹೇಳೋದಿಲ್ಲ. ಎರಡು ಹೆಸರು, ನಡುವೆ ಒಂದು ಅಡ್ಡಗೆರೆ, ಅಷ್ಟೇ. ‘ಈ ಹಾಡು ನಂದು, ಆ ಹಾಡು ಅವನದು’ ಅಂತ ಬಿಲ್ಲೆ ಅಂಟಿಸಿ ಮಾರುಕಟ್ಟೆಗೆ ಬಿಡಲಿಲ್ಲ. ಮನೆಯೊಳಗೆ ಜಗಳ ಆಡಿರಬಹುದು. ಹಾರ್ಮೋನಿಯಂ ಮುಂದೆ ಮುಖ ಊದಿಸಿಕೊಂಡು ಕೂತಿರಬಹುದು. ಅಣ್ಣ-ತಮ್ಮ ಅಂದಮೇಲೆ ಇಲ್ಲದೆ ಇರುತ್ತಾ? ಆದರೆ ಆ ಅಡ್ಡಗೆರೆಯನ್ನು ಮಾತ್ರ ಅಳಿಸಲಿಲ್ಲ. ಅದಕ್ಕೇ ಕೆಂಗೇರಿಯ ತಮ್ಮನಿಗೆ ಅವರು ಒಬ್ಬರು ಅನ್ನಿಸಿದ್ದು. ತಪ್ಪು ಅವನದಲ್ಲ. ಅವರಿಬ್ಬರ ಗೆಲುವು ಅದು.

ಇದು ಸುಲಭ ಅಂದುಕೊಳ್ಳಬೇಡಿ. ತಮಿಳಿನ ವಿಶ್ವನಾಥನ್-ರಾಮಮೂರ್ತಿ ಎಂಥಾ ಜೋಡಿ! ಅವರು ಅಣ್ಣ-ತಮ್ಮ ಅಲ್ಲ, ಸ್ನೇಹಿತರು. 1965ರಲ್ಲಿ ಬೇರೆಯಾದರು. ಮತ್ತೆ ಒಂದು ಚಿತ್ರಕ್ಕೆ ಕೈ ಜೋಡಿಸೋಕೆ 1995 ಬರಬೇಕಾಯ್ತು. ಮೂವತ್ತು ವರ್ಷ, ಸ್ವಾಮಿ!

* * *

ಈಗ ನನ್ನ ಕಥೆ.

ನಮ್ಮಣ್ಣ ನನಗಿಂತ ನಾಲ್ಕು ವರ್ಷ ದೊಡ್ಡೋನು. ಒಳ್ಳೇ ಕಂಠ. ನನ್ನದು ಅಷ್ಟಕ್ಕಷ್ಟೆ, ಆದರೆ ಮೇಲಿನ ಸ್ವರ ಹಿಡಿದು ಅವನ ಜತೆ ಹೋಗೋಕೆ ಬರ್ತಿತ್ತು. ಗಣೇಶನ ಹಬ್ಬ ಬಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಮಾಗಡಿ ರೋಡು, ಎಲ್ಲೆಲ್ಲಿ ಪೆಂಡಾಲೋ ಅಲ್ಲೆಲ್ಲ ಆರ್ಕೆಸ್ಟ್ರಾ. ಗಣೇಶ ನೀರಿಗೆ ಬೀಳೋ ಹೊತ್ತಿಗೆ ರಾಜ್ಯೋತ್ಸವ. ಅದು ನವೆಂಬರ್ ಒಂದಕ್ಕೆ ಶುರುವಾದರೆ ತಿಂಗಳು ಪೂರ್ತಿ. ನಮ್ಮಿಬ್ಬರ ಹೆಸರು ಜೋಡಿಸಿ ಒಂದು ಬ್ಯಾನರ್ ಬರೆಸಿದ್ವಿ. ಅಣ್ಣನ ಹೆಸರು ಮೊದಲು, ಅಡ್ಡಗೆರೆ, ನನ್ನ ಹೆಸರು. ಎಲ್ಲಿಂದ ಕದ್ದಿದ್ದು ಅಂತ ನಿಮಗೆ ಗೊತ್ತಾಯ್ತಲ್ಲ!

ಪಿಯುಸಿ ಎರಡನೇ ವರ್ಷ ನಾನು ಕಾಲೇಜು ಬಿಟ್ಟಿದ್ದು ಅದಕ್ಕೇ. ಹದಿನೆಂಟನೇ ವಯಸ್ಸಿನಲ್ಲಿ ಏನು ಮಾಡ್ತಿದ್ದೆ ಅಂದ್ನಲ್ಲ, ಇದು. ರಾತ್ರಿ ಹಾಡೋದು, ಬೆಳಗ್ಗೆ ಮಲಗೋದು. ಅಪ್ಪ ಮೂರು ತಿಂಗಳು ಮಾತಾಡಲಿಲ್ಲ.

ಎರಡು ಕಂಠ ಹೇಗೆ ಕೂಡಬೇಕು ಅಂತ ಕಲಿಯೋಕೆ ಅಣ್ಣ ಮೊಬೈಲಿನಲ್ಲಿ ಏನೇನೋ ಹುಡುಕಿ ಕೇಳಿಸ್ತಿದ್ದ. ಮೊದಲು ಪಿ. ಕಾಳಿಂಗರಾಯರು, ಅವರ ಜತೆ ಹಾಡ್ತಿದ್ದ ಮೋಹನಕುಮಾರಿ-ಸೋಹನಕುಮಾರಿ ಅಕ್ಕತಂಗಿಯರು. ಹಳ್ಳಿ ಪದ, ಭಾವಗೀತೆ ಎರಡನ್ನೂ ವೇದಿಕೆಗೆ ತಂದ ತಂಡ ಅದು. ‘ಕೇಳು, ಯಾರ ದನಿ ಯಾರದು ಅಂತ ಹೇಳು ನೋಡೋಣ’ ಅಂತಿದ್ದ. ಆಮೇಲೆ ಒಂದಿನ ಅಮೆರಿಕದ ಇಬ್ಬರನ್ನು ಹಿಡಿದು ತಂದ. ಎವರ್ಲಿ ಬ್ರದರ್ಸ್. ಡಾನ್ ಅಣ್ಣ, ಫಿಲ್ ತಮ್ಮ.

ಅಲ್ಲಿನ ಹಳ್ಳಿಗಾಡಿನ ಹಾಡಿಗೆ ಕಂಟ್ರಿ ಮ್ಯೂಸಿಕ್ ಅಂತಾರೆ. ನಮ್ಮ ಜನಪದದ ದೂರದ ನೆಂಟ ಅಂದುಕೊಳ್ಳಿ. ಇವರ ಅಪ್ಪ ಐಕ್ ಎವರ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದು, ಆಮೇಲೆ ಗಿಟಾರ್ ಹಿಡಿದವನು. ಮಕ್ಕಳು ಚಿಕ್ಕೋರಿದ್ದಾಗಲೇ ಇಡೀ ಸಂಸಾರ ರೇಡಿಯೋದಲ್ಲಿ ಹಾಡ್ತಿತ್ತು. ಅಣ್ಣ ಕೆಳಗಿನ ಸ್ವರ, ತಮ್ಮ ಅದರ ಮೇಲಿನ ಗಾಂಧಾರ ಹಿಡಿದು ಪಕ್ಕಪಕ್ಕ, ಎರಡು ರೈಲು ಕಂಬಿ ಹೋದ ಹಾಗೆ. 1957ರಲ್ಲಿ ಹಿಟ್ ಆದರು ನೋಡಿ, ಇಂಗ್ಲೆಂಡಿನ ಬೀಟಲ್ಸ್ ಹುಡುಗರೇ ಇವರನ್ನು ಕೇಳಿ ಕೇಳಿ ಜೋಡಿ ಕಂಠ ಕಲಿತರು. ಒಂದೇ ಮನೆ, ಒಂದೇ ತಾಯಿಯ ಮಾತು ಕೇಳಿ ಬೆಳೆದ ಗಂಟಲುಗಳು. ಅಕ್ಷರ ಉಚ್ಚರಿಸೋದೂ ಒಂದೇ ಥರ, ಉಸಿರು ಎಳೆಯೋದೂ ಒಂದೇ ಜಾಗದಲ್ಲಿ. ಹೊರಗಿನೋರು ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದರೂ ಅದು ಬರೋದು ಕಷ್ಟ.

ಅಂಥೋರೇ 1973ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ವೇದಿಕೆಯ ಮೇಲೆ ಜಗಳ ಆಡಿಬಿಟ್ಟರು! ತಮ್ಮ ಗಿಟಾರನ್ನು ನೆಲಕ್ಕೆ ಅಪ್ಪಳಿಸಿ ಹೊರಟೇಹೋದ. ಉಳಿದ ಕಾರ್ಯಕ್ರಮ ಅಣ್ಣ ಒಬ್ಬನೇ ಮುಗಿಸಿದ. ಹತ್ತು ವರ್ಷ ಒಟ್ಟಿಗೆ ಹಾಡಲಿಲ್ಲ. 1975ರಲ್ಲಿ ಅಪ್ಪ ತೀರಿಕೊಂಡಾಗ ಮಣ್ಣಿಗೆ ಬಂದು ಮಾತಾಡಿದ್ದು ಬಿಟ್ಟರೆ ಮಾತೂ ಇಲ್ಲ. 1983ರಲ್ಲಿ ಲಂಡನ್ನಿನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು.

ಅಣ್ಣ ಇದನ್ನು ಹೇಳಿದಾಗ ಇಬ್ಬರೂ ನಕ್ಕಿದ್ವಿ. ‘ನಾವು ಹಂಗೆ ಆಗಲ್ಲ ಬಿಡೋ’ ಅಂದಿದ್ದ.

ಆದ್ವಿ.

* * *

2017ರ ನವೆಂಬರ್. ವಿಜಯನಗರದ ಒಂದು ಬೀದಿ, ರಾಜ್ಯೋತ್ಸವ. ಸಂಘದೋರು ಹೊಸ ಬ್ಯಾನರ್ ಕಟ್ಟಿಸಿದ್ರು. ಬರೆದವನು ನನ್ನ ಹೆಸರು ಮೊದಲು ಹಾಕಿಬಿಟ್ಟಿದ್ದ. ಅಣ್ಣ ನೋಡಿದ, ಏನೂ ಅನ್ನಲಿಲ್ಲ. ನಾನಾದರೂ ‘ತಪ್ಪಾಗಿದೆ ಕಣೋ, ತಿದ್ದಿಸ್ತೀನಿ’ ಅನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳ್ತೀನಿ, ಒಳಗೊಳಗೇ ಖುಷಿಯಾಗಿತ್ತು.

‘ಬಯಲುದಾರಿ’ ಹಾಡು ಶುರುವಾಯ್ತು. ಹಾಡಿನ ಮುಂಚಿನ ವಾದ್ಯ ಕೇಳಿದ ಕೂಡಲೇ ಶಿಳ್ಳೆ. ಬೇರೆಯವರ ಹಾಡಿಗೆ ಜನ ಶಿಳ್ಳೆ ಹೊಡೆಯೋದು ಪಲ್ಲವಿ ಕೇಳಿದ ಮೇಲೆ. ರಾಜನ್-ನಾಗೇಂದ್ರ ಹಾಡಿಗೆ ಗಾಯಕ ಬಾಯಿ ತೆರೆಯೋಕೆ ಮುಂಚೆಯೇ. ಅದು ಎಸ್ಪಿ ಒಬ್ಬರೇ ಹಾಡಿದ್ದು, ಯಾವಾಗಲೂ ಅಣ್ಣನೇ ಹಾಡ್ತಿದ್ದ. ಆವತ್ತು ಎರಡನೇ ಚರಣ ನಾನು ಎಳೆದುಕೊಂಡೆ. ಅಣ್ಣ ನನ್ನ ಮುಖ ನೋಡಿದ. ಮೈಕನ್ನು ಸ್ಟಾಂಡಿಗೆ ಸಿಗಿಸಿದ. ಗಿಟಾರ್ ಗಿಟಾರ್ ಏನೂ ಒಡೆಯಲಿಲ್ಲ, ಅದೆಲ್ಲ ಅಮೆರಿಕದೋರಿಗೆ. ಸುಮ್ಮನೆ ಮೆಟ್ಟಿಲು ಇಳಿದು ಹೋದ.

ಉಳಿದ ಏಳು ಹಾಡು ನಾನೊಬ್ಬನೇ ಹಾಡಿದೆ. ಜನ ಚಪ್ಪಾಳೆ ತಟ್ಟಿದರು. ಆದರೆ ಮೇಲಿನ ಸ್ವರ ಹಿಡಿಯೋನಿಗೆ ಕೆಳಗಿನ ಸ್ವರ ಇಲ್ಲದಿದ್ದರೆ ಹೇಗಿರುತ್ತೆ ಗೊತ್ತಾ? ಮೆಟ್ಟಿಲಿದೆ ಅಂತ ಕತ್ತಲಲ್ಲಿ ಕಾಲಿಟ್ಟ ಹಾಗೆ.

ಅಣ್ಣ ಕ್ಯಾಬ್ ಓಡಿಸೋಕೆ ಸೇರಿದ, ಕೆಂಗೇರಿ ಕಡೆ ಮನೆ ಮಾಡಿದ. ನಾನು ಪತ್ರಿಕೆಗಳಿಗೆ ಬರೆಯೋಕೆ ಶುರು ಮಾಡಿದೆ. ಮೂರು ವರ್ಷ ಮಾತಿಲ್ಲ. ಹಬ್ಬಕ್ಕೆ ಅವನು ಬಂದರೆ ನಾನು ಹೊರಗೆ, ನಾನು ಇದ್ದರೆ ಅವನು ಬರೋದಿಲ್ಲ. ಅಮ್ಮ ಒಬ್ಬಟ್ಟನ್ನು ಎರಡು ಡಬ್ಬಿಗೆ ಹಾಕೋದು ಕಲಿತಳು.

* * *

ನಾಗೇಂದ್ರ ತೀರಿಕೊಂಡದ್ದು 2000ದ ನವೆಂಬರಿನಲ್ಲಿ. ಅಣ್ಣ ರಾಜನ್ ಆಮೇಲೆ ಇಪ್ಪತ್ತು ವರ್ಷ ಬದುಕಿದ್ದರು. ತಮ್ಮನಿಲ್ಲದ ಅಣ್ಣನಾಗಿ ಇಪ್ಪತ್ತು ವರ್ಷ. ಆದರೂ ಅವರ ಬಗ್ಗೆ ಯಾರೇ ಬರೆಯಲಿ, ಬರೀ ರಾಜನ್ ಅಂತ ಬರೆದರೆ ಓದೋರಿಗೆ ಗೊತ್ತಾಗದು. ರಾಜನ್-ನಾಗೇಂದ್ರ ಜೋಡಿಯ ರಾಜನ್ ಅನ್ನಲೇಬೇಕು. ತಮ್ಮ ಹೋದರೂ ತಮ್ಮನ ಹೆಸರು ಹೊತ್ತುಕೊಂಡೇ ತಿರುಗಿದರು.

2020ರ ಆ ದಿನಗಳು ನೆನಪಿದೆಯಾ? ಸೆಪ್ಟೆಂಬರ್ 25ಕ್ಕೆ ಎಸ್ಪಿ ಬಾಲಸುಬ್ರಹ್ಮಣ್ಯಂ ಹೋದರು. ಆ ಅಳು ಇನ್ನೂ ಆರಿರಲಿಲ್ಲ, ಅಕ್ಟೋಬರ್ 11ರ ರಾತ್ರಿ ರಾಜನ್ ಹೋದರು, ಎಂಬತ್ತೇಳನೇ ವಯಸ್ಸಿನಲ್ಲಿ. ಹದಿನಾರು ದಿನಕ್ಕೆ ‘ಬಯಲುದಾರಿ’ ಹಾಡಿದವರೂ ಇಲ್ಲ, ಅದಕ್ಕೆ ರಾಗ ಹಾಕಿದವರೂ ಇಲ್ಲ. ಕೊರೋನಾ ಕಾಲ. ಪೆಂಡಾಲಿಲ್ಲ, ಆರ್ಕೆಸ್ಟ್ರಾ ಇಲ್ಲ, ಥಿಯೇಟರುಗಳಿಗೆ ಬೀಗ. ಅಭಿಮಾನಿಗಳು ಗುಂಪು ಸೇರಿ ಅಳೋ ಹಂಗೂ ಇರಲಿಲ್ಲ.

ಮಾರನೇ ದಿನ ಬೆಳಗ್ಗೆ ಫೋನ್ ಬಂತು. ನಂಬರ್ ಅಳಿಸಿಹಾಕಿದ್ದೆ, ಆದರೆ ನಂಬರ್ ಬಾಯಿಪಾಠ ಇದ್ದರೆ ಅಳಿಸಿ ಏನು ಪ್ರಯೋಜನ?

‘ಕೇಳಿದ್ಯೇನೋ?’ ಅಂದ.

‘ಹ್ಞೂಂ’ ಅಂದೆ.

‘ಅಣ್ಣನೂ ಹೋದ್ರಲ್ಲೋ’ ಅಂದ. ಆಮೇಲೆ ಇಬ್ಬರೂ ಸುಮ್ಮನೆ. ಆ ಕಡೆ ಅವನ ಗಾಡಿಯ ಇಂಡಿಕೇಟರ್ ಟಿಕ್ ಟಿಕ್ ಅನ್ನೋದು ಕೇಳಿಸ್ತಿತ್ತು.

ಕಡೆಗೆ ನಾನೇ ಹೇಳಿದೆ: ‘ಆವತ್ತು ಬ್ಯಾನರ್ ತಿದ್ದಿಸಬೇಕಿತ್ತು ಕಣೋ.’

‘ಬಿಡೋ, ಬ್ಯಾನರ್ ಬರೆದೋನು ಬೆಪ್ಪ’ ಅಂದ.

ಬ್ಯಾನರ್ ಬರೆದೋನು ಬೆಪ್ಪನಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಆ ಸುಳ್ಳಿನ ಮೇಲೆ ಈಗ ಮಾತುಕತೆ ನಡೀತಾ ಇದೆ. ಹಬ್ಬಕ್ಕೆ ಒಂದೇ ಡಬ್ಬಿ ಸಾಕು.

ಹಾಡಿದ್ವಾ ಅಂತೀರಾ? ವೇದಿಕೆಯ ಮೇಲೆ ಇನ್ನೂ ಇಲ್ಲ. ಹೋದ ತಿಂಗಳು ಅವನ ಗಾಡಿಯಲ್ಲಿ ಕೆಂಗೇರಿಗೆ ಹೋಗ್ತಿದ್ದೆ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನಿಂತಾಗ ಎಫ್ಎಂನಲ್ಲಿ ‘ಎರಡು ಕನಸು’ ಬಂತು. ಅವನು ಸಣ್ಣಗೆ ಶುರು ಮಾಡಿದ. ನಾನು ಮೇಲಿನ ಸ್ವರ ಹಿಡಿದೆ. ಸಿಗ್ನಲ್ ಬಿಟ್ಟಿದ್ದು ಗೊತ್ತಾಗಲಿಲ್ಲ. ಹಿಂದಿನ ಲಾರಿಯವನು ಹಾರನ್ ಹೊಡೆದು, ಬಾಯಿಗೆ ಬಂದದ್ದು ಬೈದುಕೊಂಡು ಹೋದ. ನಮ್ಮಿಬ್ಬರ ಜಂಟಿ ಕಾರ್ಯಕ್ರಮಕ್ಕೆ ಇತ್ತೀಚೆಗೆ ಸಿಕ್ಕ ಮೆಚ್ಚುಗೆ ಅದೊಂದೇ!

ಹಾಗಾಗಿ ಕೆಂಗೇರಿಯ ತಮ್ಮಾ, ನಿನ್ನ ಕಾಗದಕ್ಕೆ ಉತ್ತರ. ರಾಜನ್ ಅಣ್ಣನ ಹೆಸರು, ನಾಗೇಂದ್ರ ತಮ್ಮನ ಹೆಸರು. ತಂದೆ ಹೆಸರು ರಾಜಪ್ಪ. ಇನ್ನುಮುಂದೆ ಬರೆಯುವಾಗ ಎರಡು ಹೆಸರಿನ ನಡುವೆ ಒಂದು ಸಣ್ಣ ಗೆರೆ ಎಳಿ, ಮರೀಬೇಡ. ನಿನಗೂ ಅಣ್ಣನೋ ತಮ್ಮನೋ ಇದ್ದು, ಮಾತು ಬಿಟ್ಟಿದ್ದರೆ, ಯಾರಾದರೂ ದೊಡ್ಡ ಸಂಗೀತಗಾರರು ಸಾಯಲಿ ಅಂತ ಕಾಯಬೇಡ. ಇವತ್ತೇ ಫೋನ್ ಮಾಡು. ಏನು ಮಾತಾಡೋದು ಅಂತ ತೋಚದಿದ್ದರೆ, ‘ರಾಜನ್-ನಾಗೇಂದ್ರ ಒಬ್ಬರಾ ಇಬ್ಬರಾ?’ ಅಂತ ಕೇಳು. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತೆ.

ಉಳಿದ ಕಾಗದಗಳಿಗೆ ಬರುವ ವಾರ.